ಕಾವಲಿನ ಹಳ್ಳಗಳಲ್ಲಿ ಮೀನಿನ ಬಾಣಂತನ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲೆಂಬ ಹುಲ್ಲುಬಯಲನ್ನು ವೈಶಾಖದ ಬಿಸಿಲಿನಲ್ಲಿ ಮಾತ್ರ ಕಂಡವರು ಅದನ್ನು ಮೀನು ಹುಟ್ಟುವ ನೆಲವೆಂದು ಸುಲಭವಾಗಿ ಒಪ್ಪಲಾರರು. ಕಣ್ಣು ಹರಿಯುವವರೆಗೂ ಒಣಗಿ ಕಂದಿದ ಹುಲ್ಲು, ನಡುನಡುವೆ ಕುರುಚಲು ಜಾಲಿ, ಕುರಿಮಂದೆಯ ಗೊರಸಿನಿಂದೆದ್ದ ಧೂಳು, ತಳದ ಮರಳನ್ನೂ ಉರುಟುಗಲ್ಲನ್ನೂ ಬಿಟ್ಟರೆ ಮತ್ತೇನೂ ಉಳಿಯದೆ ಬಾಯ್ದೆರೆದು ಬಿದ್ದ ಹಳ್ಳಗಳು, ಇವೇ ಅಲ್ಲಿನ ಬೇಸಗೆಯ ಚಿತ್ರ. ಕರ್ನಾಟಕದಲ್ಲಿಯೇ ಅತ್ಯಲ್ಪ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರುಗಳು ಸೇರಿವೆ. ವರ್ಷಕ್ಕೆ ಸರಾಸರಿ 500 ಮಿ.ಮೀ. ಆಸುಪಾಸಿನ ಮಳೆ, ಅದರಲ್ಲಿಯೂ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆಗಳ ಕೆಲವೇ ದಿನಗಳಲ್ಲಿ ಬಿದ್ದು ಮುಗಿಯುವಂಥದು. ಇಂಥ ಸೀಮೆಯ ಹಳ್ಳವೆಂದರೆ ವರ್ಷದ ಹತ್ತು ತಿಂಗಳು ಬಂಡಿಜಾಡು, ಉಳಿದ ಎರಡು ತಿಂಗಳು ನೀರಿನ ಹಾದಿ.

ಆದರೆ ಆ ಎರಡು ತಿಂಗಳುಗಳೇ ಮೀನಿನ ವಂಶಕ್ಕೆ ಆಧಾರ. ಮೀನೆಂದೊಡನೆ ನಮ್ಮ ಮನಸ್ಸು ಹೊಳೆಯ ಮಡುವಿಗೋ ಕೆರೆಯ ಆಳಕ್ಕೋ ಹೋಗುವುದು ಸಹಜವೇ ಆದರೂ, ಅವು ಬೆಳೆದ ಮೀನಿನ ವಾಸಸ್ಥಾನಗಳಲ್ಲದೆ ಜನ್ಮಸ್ಥಾನಗಳಲ್ಲ. ಮೊಟ್ಟೆ ಒಡೆದು ಬರುವ, ಕಣ್ಣು ಬಿಟ್ಟು ಆಹಾರವನ್ನು ಅರಸಲು ಕಲಿಯುವ, ಎಳವೆಯ ಅಪಾಯಗಳನ್ನು ಕಳೆಯುವ ಸ್ಥಳಗಳು ಬಹುಮಟ್ಟಿಗೆ ಬೇರೆಯೇ ಆಗಿರುತ್ತವೆ: ಕೆರೆಯ ಹಿನ್ನೀರು ಏರಿ ಮುಳುಗಿಸಿದ ಹುಲ್ಲು, ಕೆರೆಗೆ ಬಂದು ಸೇರುವ ಸಣ್ಣ ಹಳ್ಳ, ಹಳ್ಳದ ಬದಿಯಲ್ಲಿ ನಿಂತ ಮೊಣಕಾಲುದ್ದದ ನೀರು, ದನಕರುಗಳಿಗಾಗಿ ಕಟ್ಟಿದ ಗೋಕಟ್ಟೆಯ ಜೊಂಡು ಬೆಳೆದ ಅಂಚು. ನಕ್ಷೆಯಲ್ಲಿ ಹೆಸರೂ ಇಲ್ಲದ, ಕಂದಾಯದ ಕಡತದಲ್ಲಿ ಖರಾಬೆಂದು ಬರೆಯಲ್ಪಡುವ ಈ ಜಾಗಗಳ ಪರವಾಗಿ ನಾಲ್ಕು ಮಾತು ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲ ದೊಡ್ಡ ಮಳೆ ಬಿದ್ದು ಹಳ್ಳ ಹರಿದು ಕೆರೆಯನ್ನು ಮುಟ್ಟುವ ಆ ರಾತ್ರಿ ಕೆರೆಯೊಳಗಿನ ಮೀನಿಗೆ ಸುದ್ದಿ ತಲಪುವ ಬಗೆ ಸೋಜಿಗವಾದುದು. ಬೇಸಗೆಯುದ್ದಕ್ಕೂ ಕಾದು ಬೆಚ್ಚಗಾಗಿದ್ದ ನೀರು ತಣ್ಣಗಾಗುತ್ತದೆ. ನಿಂತ ನೀರಿಗೆ ಸೆಳವು ಬರುತ್ತದೆ. ಹೊಸ ಮಣ್ಣಿನ ವಾಸನೆ ಅದರಲ್ಲಿ ಬೆರೆಯುತ್ತದೆ. ಈ ಮೂರು ಒಂದಾಗಿ ಒದಗಿದಾಗ ಗೆಂಡೆಯ ಜಾತಿಯ ಸಣ್ಣ ಮೀನುಗಳು ಹೊಟ್ಟೆಯಲ್ಲಿ ಮೊಟ್ಟೆಯನ್ನು ಹೊತ್ತು, ಬರುವ ನೀರಿಗೆ ಎದುರಾಗಿ ಏರತೊಡಗುತ್ತವೆ. ಮಲೆನಾಡಿನವರು ಹತ್ತುಮೀನೆಂದು ಕರೆದು ಮುಂಗಾರಿನ ಆರಂಭದಲ್ಲಿ ಗದ್ದೆಗಳ ಬದುವಿನಲ್ಲಿ ಕೂಣಿಯಿಟ್ಟು ಕಾಯುವುದು ಇಂಥ ಮೀನಿಗಾಗಿಯೇ. ಬಯಲುಸೀಮೆಯಲ್ಲಿ ಈ ಏರಾಟ ಅಷ್ಟು ಪ್ರಸಿದ್ಧವಲ್ಲ. ಏಕೆಂದರೆ ಅದು ಪ್ರತಿವರ್ಷವೂ ಆಗುವುದಿಲ್ಲ, ಆದಾಗಲೂ ಒಂದೆರಡು ರಾತ್ರಿಗಳಲ್ಲಿ ಮುಗಿದುಹೋಗುತ್ತದೆ. ಬೆರಳುದ್ದದ ಮೀನು ಅಂಗೈಯಾಳದ ನೀರಿನಲ್ಲಿ ಬೆನ್ನನ್ನು ಹೊರಗಿಟ್ಟು, ಓರೆಯಾಗಿ ಮಲಗಿ, ಬಾಲವನ್ನು ಬಡಿಬಡಿದು ಕಲ್ಲಿನಿಂದ ಕಲ್ಲಿಗೆ ಜಿಗಿಯುವುದನ್ನು ನೋಡಿದವರಿಗೆ, ಜೀವಿಯೊಂದು ಸಂತಾನಕ್ಕಾಗಿ ಎಷ್ಟನ್ನು ಪಣಕ್ಕೊಡ್ಡಬಲ್ಲುದೆಂಬುದು ತಿಳಿದೀತು.

ಇಷ್ಟು ಕಷ್ಟಪಟ್ಟು ಅವು ಆಳವನ್ನು ಬಿಟ್ಟು ಬರುವುದಾದರೂ ಏತಕ್ಕೆ? ಕಾರಣ ಹಳ್ಳದ ಬರಡುತನದಲ್ಲಿಯೇ ಇದೆ. ಹತ್ತು ತಿಂಗಳು ಒಣಗಿದ್ದ ತಾಣದಲ್ಲಿ ಮರಿಯನ್ನು ತಿನ್ನುವ ದೊಡ್ಡ ಮೀನು ಇರಲಾರದು. ಅಲ್ಲಿನ ಒಣಮಣ್ಣಿನಲ್ಲಿಯಾದರೋ ಕಳೆದ ವರ್ಷದ ನೀರುಚಿಗಟವೇ ಮೊದಲಾದ ಅತಿಸೂಕ್ಷ್ಮ ಜೀವಿಗಳ ಮೊಟ್ಟೆಗಳು ಬಿಸಿಲಿಗೆ ಬಾಡದೆ ಸುಪ್ತವಾಗಿ ಬಿದ್ದಿರುತ್ತವೆ; ನೀರು ತಾಗಿದ ಕೆಲವೇ ದಿನಗಳಲ್ಲಿ ಅವೆಲ್ಲ ಎಚ್ಚೆತ್ತು, ಆ ನೀರಿನ ಪ್ರತಿ ಬೊಗಸೆಯೂ ಚಲಿಸುವ ಚುಕ್ಕೆಗಳಿಂದ ತುಂಬುತ್ತದೆ. ಮುಳುಗಿದ ಹುಲ್ಲು ಕೊಳೆಯತೊಡಗಿದಂತೆ ಅದನ್ನು ಆಶ್ರಯಿಸಿ ಮತ್ತಷ್ಟು ಕ್ರಿಮಿಗಳು ಹೆಚ್ಚುತ್ತವೆ. ಗೆಂಡೆಯ ಅಂಟುಮೊಟ್ಟೆಗಳು ಆ ಹುಲ್ಲಿನ ಎಸಳಿಗೇ ಹತ್ತಿಕೊಂಡು ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಹೊರಬಿದ್ದ ಮರಿಗೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ, ಆ ಬಾಯಿಗೆ ತಕ್ಕ ಗಾತ್ರದ ಆಹಾರ ಸುತ್ತಲೂ ಸಿದ್ಧವಾಗಿರುತ್ತದೆ. ಆಳವಾದ ಕೆರೆ ಈ ಅನುಕೂಲವನ್ನು ಒದಗಿಸಲಾರದು. ಹಳ್ಳ ಬತ್ತುವುದೂ ಅದರ ಗುಣವೇ ಹೊರತು ದೋಷವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಈ ಸೀಮೆಯ ಮೀನುಗಳಲ್ಲೆಲ್ಲ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಕೊರಮೀನು. ತೆಲುಗುನಾಡಿನಲ್ಲಿಯೂ ಇದು ಬಹುಮಾನ್ಯ; ಮೃಗಶಿರಾ ಪ್ರವೇಶದ ದಿನ ಹೈದರಾಬಾದಿನಲ್ಲಿ ಉಬ್ಬಸದವರಿಗೆ ಔಷಧಿಯೊಡನೆ ಜೀವಂತವಾಗಿ ನುಂಗಿಸುವ ಮರಿ ಇದರದೇ. ಶಾಸ್ತ್ರಜ್ಞರು ಇದನ್ನು ಚನ್ನ ಸ್ಟ್ರಯಾಟ ಎಂದು ಕರೆಯುತ್ತಾರೆ. ಹಾವಿನಂತೆ ಚಪ್ಪಟೆಯಾದ ತಲೆ, ದುಂಡನೆಯ ನೀಳ ದೇಹ, ಬೆನ್ನಿನ ಮೇಲೆ ಕಪ್ಪು ಬೂದು, ಪಕ್ಕಕ್ಕೆ ಓರೆಪಟ್ಟೆ. ನೋಡಲು ಚೆಲುವಾದ ಮೀನಲ್ಲ. ಆದರೆ ಬರಸೀಮೆಯಲ್ಲಿ ಬಾಳುವ ಕಲೆ ಇದಕ್ಕೆ ತಿಳಿದಷ್ಟು ಮತ್ತಾವ ಮೀನಿಗೂ ತಿಳಿಯದು. ಕಿವಿರುಗಳ ಮೇಲ್ಭಾಗದಲ್ಲಿ ಗಾಳಿಯನ್ನು ಹಿಡಿದಿಡುವ ಕೋಶವೊಂದು ಇದಕ್ಕುಂಟು. ಆಗಾಗ ಮೇಲಕ್ಕೆ ಬಂದು ಒಂದು ಗುಟುಕು ಗಾಳಿಯನ್ನು ನುಂಗಿ ಮತ್ತೆ ಮುಳುಗುತ್ತದೆ. ಬಲೆಯಲ್ಲಿ ಸಿಕ್ಕಿ ನೀರಿನ ಮೇಲ್ಮೈಗೆ ಬರಲಾಗದೆ ಹೋದರೆ, ಮೀನಾಗಿದ್ದೂ ನೀರಿನಲ್ಲಿಯೇ ಉಸಿರುಕಟ್ಟಿ ಸಾಯುತ್ತದೆ. ಕೆರೆ ಬತ್ತಿದಾಗ ಕೆಸರಿನೊಳಕ್ಕೆ ಇಳಿದು, ಮೈಯೂ ಗಾಳಿಕೋಶವೂ ಒದ್ದೆಯಾಗಿರುವಷ್ಟು ಕಾಲ ಜೀವವನ್ನು ಹಿಡಿದುಕೊಂಡಿರುತ್ತದೆ. ಕೆರೆಯಂಗಳದ ಹೂಳನ್ನು ಅಗೆಯುವವರ ಗುದ್ದಲಿಗೆ ಬದುಕಿದ ಮೀನು ಸಿಕ್ಕಿತೆಂಬ ಮಾತು ಕಟ್ಟುಕಥೆಯಲ್ಲ.

ಮಳೆ ಬಂದು ಹಿನ್ನೀರು ಹುಲ್ಲನ್ನು ಮುಳುಗಿಸಿದೊಡನೆ ಗಂಡೂ ಹೆಣ್ಣೂ ಜೊತೆಗೂಡಿ ಆಳವನ್ನು ಬಿಟ್ಟು ಅಂಚಿಗೆ ಬರುತ್ತವೆ. ಜೊಂಡಿನ ನಡುವೆ ಒಂದು ಮೊಳಕ್ಕೂ ಕಡಮೆ ಅಗಲದ ವೃತ್ತಾಕಾರದ ಜಾಗವನ್ನು ಹಲ್ಲಿನಿಂದ ಕಚ್ಚಿ, ಬಾಲದಿಂದ ಸರಿಸಿ ಹಸನು ಮಾಡುತ್ತವೆ. ಮೊಟ್ಟೆಯೊಳಗೆ ಎಣ್ಣೆಯ ಹನಿಯಿರುವುದರಿಂದ ಅದು ತಳಕ್ಕಿಳಿಯದೆ, ಆ ಬಯಲಿನಲ್ಲಿ ಜೇನುಬಣ್ಣದ ತೆಳುಪದರವಾಗಿ ತೇಲುತ್ತದೆ. ಸಾವಿರಗಟ್ಟಲೆ ಮೊಟ್ಟೆಗಳು, ಒಂದೂವರೆ ದಿನದೊಳಗಾಗಿ ಮರಿ. ಅಲ್ಲಿಂದ ಮುಂದೆ ಸುಮಾರು ಒಂದು ತಿಂಗಳು ತಂದೆತಾಯಿಗಳು, ಅದರಲ್ಲಿಯೂ ತಂದೆ, ಮರಿಗಳ ಕೆಳಗೇ ಇದ್ದು ಕಾಯುವುದು ಮೀನುಕುಲದಲ್ಲಿ ವಿರಳವಾದ ಸಂಗತಿ.

ಈ ಕಾವಲನ್ನು ನಾನು ಕಣ್ಣಾರೆ ಕಂಡದ್ದು ಚಳ್ಳಕೆರೆ ಸೀಮೆಯ ಒಂದು ಸಣ್ಣ ಕೆರೆಯ ಹಿನ್ನೀರಿನಲ್ಲಿ. ಬೆಳಗಿನ ಹೊತ್ತು, ನೀರು ಅಲುಗದೆ ನಿಂತಿತ್ತು. ಜೊಂಡಿನಿಂದ ಮಾರು ದೂರದಲ್ಲಿ ನೀರಿನ ಮೇಲೆ ಯಾರೋ ಕುಂಕುಮ ಚೆಲ್ಲಿದಂತೆ ಮೊರದಗಲ ಕೆಂಪು ಹಬ್ಬಿ, ಅದರಲ್ಲಿ ಸಣ್ಣಸಣ್ಣ ಗುಳ್ಳೆಗಳೆದ್ದು, ಕೂಡಲೇ ಕೆಂಪು ಮಾಯವಾಯಿತು. ಸ್ವಲ್ಪ ಹೊತ್ತಿಗೆ ನಾಲ್ಕು ಗೇಣು ಆಚೆಗೆ ಮತ್ತೆ ಎದ್ದಿತು. ನೂರಾರು ಮರಿಗಳು ಒಂದೇ ಮೈಯಂತೆ ಮೇಲೆದ್ದು ಗಾಳಿ ಕುಡಿದು ಒಂದೇ ಮೈಯಂತೆ ಇಳಿಯುತ್ತಿದ್ದುವು. ದಡದಲ್ಲಿ ಕುಳಿತಿದ್ದ ಮುದುಕರೊಬ್ಬರು ನನ್ನ ಕಣ್ಣು ಹೋದ ಕಡೆಯನ್ನು ಗಮನಿಸಿ ತಾವಾಗಿಯೇ ಹೇಳಿದರು: "ಮರಿ ಕೆಂಪಗೈತೆ ಅಂದ್ರೆ ದೊಡ್ಡದು ಕೆಳಗೇ ಐತೆ ಅಂತ ತಿಳ್ಕಳ್ರಿ ಸ್ವಾಮಿ. ಕಪ್ಪೆ ಕಟ್ಟಿ ಗಾಳ ಬಿಟ್ರೆ ಹಸಿವಿಗೆ ಕಚ್ಚಲ್ಲ, ಸಿಟ್ಟಿಗೆ ಕಚ್ತೈತೆ." ಹಾಗೆ ಹಿಡಿದ ಮೇಲೆ ಈ ಮರಿಗಳ ಗತಿಯೇನಜ್ಜ ಎಂದು ಕೇಳಿದೆ. "ಹೊತ್ತು ಮುಳುಗೋದ್ರಾಗೆ ಒಂದೂ ಇರಲ್ಲ" ಎಂದರು. ಜೊಂಡಿನಲ್ಲಿ ಕೊಕ್ಕರೆಗಳು ಕಾದಿದ್ದುವು; ಒಳ್ಳೆಹಾವೊಂದು ತಲೆಯನ್ನಷ್ಟೇ ಮೇಲಿಟ್ಟು ಸುತ್ತುತ್ತಿತ್ತು. ಅದು ಕೆಂಪಿನ ಹತ್ತಿರ ಸುಳಿದಾಗ ಕೆಳಗಿನಿಂದ ನೀರು ಒಮ್ಮೆಲೆ ಒಡೆದು, ಕಪ್ಪು ಬೆನ್ನೊಂದು ಕಾಣಿಸಿ, ಹಾವು ದಿಕ್ಕು ಬದಲಿಸಿತು.

ಮರಿಗಳು ಎರಡು ಅಂಗುಲವನ್ನು ದಾಟಿ, ಕೆಂಪು ಹೋಗಿ ಕಂದುಬಣ್ಣ ಬಂದಾಗ ಗುಂಪು ಚದರುತ್ತದೆ. ಆಮೇಲೆ ರಕ್ಷಣೆಯಿಲ್ಲ, ಕೊರಮೀನು ತನ್ನ ಜಾತಿಯ ಚಿಕ್ಕದನ್ನೇ ತಿನ್ನಲು ಹಿಂಜರಿಯುವುದಿಲ್ಲ. ಪ್ರಕೃತಿಯ ವಾತ್ಸಲ್ಯಕ್ಕೆ ಅವಧಿ ಉಂಟು. ಇದರ ಸೋದರಜಾತಿಯಾದ, ಗುಡ್ಡದ ತೊರೆಗಳಲ್ಲಿರುವ ಚನ್ನ ಗಚುವ ಎಂಬ ಕಿರಿಯ ಮೀನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಂಡು ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಕಾಯುತ್ತದೆ.

ಭೂಗೋಳದ ಆಚೆಯ ಮಗ್ಗುಲಿನಲ್ಲಿಯೂ ಇಂಥದೇ ಒಂದು ಕಥೆ ನಡೆಯುತ್ತದೆ. ಉತ್ತರ ಅಮೆರಿಕದ ಪೂರ್ವಭಾಗದ ಹೊಳೆಗಳಲ್ಲಿಯೂ ಮಹಾಸರೋವರಗಳಲ್ಲಿಯೂ ವಾಸಿಸುವ ಸ್ಮಾಲ್‌ಮೌತ್ ಬ್ಯಾಸ್ ಎಂಬ ಮೀನನ್ನು 1802ರಲ್ಲಿ ಫ್ರಾನ್ಸಿನ ಲಾಸೆಪೇದ್ ಶಾಸ್ತ್ರೀಯವಾಗಿ ವರ್ಣಿಸಿದನು. ಅಲ್ಲಿ ಸೂಚನೆ ಕೊಡುವುದು ಮಳೆಯಲ್ಲ, ವಸಂತದ ಬಿಸುಪು. ಹಿಮ ಕರಗಿ, ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ, ದೊಡ್ಡ ನೀರಿನಲ್ಲಿದ್ದ ಮೀನುಗಳಲ್ಲಿ ಅನೇಕವು ಸಣ್ಣ ತೊರೆಗಳಿಗೆ ಏರಿಬರುತ್ತವೆ. ಗಂಡು ತೊರೆಯ ನೊರಜುಕಲ್ಲಿನ ಮೇಲಿನ ಹೂಳನ್ನು ಬಾಲದಿಂದ ಬೀಸಿ ತೆಗೆದು ತಟ್ಟೆಯಂಥ ಕುಳಿಯನ್ನು ಮಾಡುತ್ತದೆ. ಹೆಣ್ಣು ಸಾವಿರಾರು ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಗಂಡು ಒಂಟಿಯಾಗಿ ನಿಂತು, ಹೂಳು ಕೂಡದಂತೆ ಬಾಲವಾಡಿಸುತ್ತ, ಬಂದ ಶತ್ರುವನ್ನೆಲ್ಲ ಅಟ್ಟುತ್ತ, ಮರಿಗಳು ಕಪ್ಪುಮೋಡದಂತೆ ಕುಳಿಯಿಂದೆದ್ದು ಚದರುವವರೆಗೂ ವಾರಗಟ್ಟಲೆ ಕಾಯುತ್ತದೆ. ಆ ದಿನಗಳಲ್ಲಿ ಅದು ತಿನ್ನುವುದೂ ಅತ್ಯಲ್ಪ. ಪ್ರವಾಹ ಬಂದರೆ ಗೂಡು ಕೊಚ್ಚಿಹೋಗುತ್ತದೆ. ಉಳಿದ ಮರಿಗಳು ಆ ತೊರೆಯ ಕಲ್ಲು, ಬೇರು, ಬಿದ್ದ ಮರಗಳ ಮರೆಯಲ್ಲಿಯೇ ಎಳವೆ ಕಳೆದು ದೊಡ್ಡ ನೀರಿಗೆ ಇಳಿಯುತ್ತವೆ. ಕಾಯುತ್ತಿರುವ ಗಂಡನ್ನು ಗಾಳಗಾರನು ಎಳೆದುಕೊಂಡ ಕೆಲವೇ ನಿಮಿಷಗಳಲ್ಲಿ ಸುತ್ತಲಿನ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತಿಂದುಬಿಡುವುದನ್ನು ಅಲ್ಲಿನ ವಿದ್ವಾಂಸರು ಕಂಡು ತಿಳಿಸಿದ್ದಾರೆ. ಅದರಿಂದಲೇ ಅಮೆರಿಕ, ಕೆನಡಾಗಳ ಅನೇಕ ಪ್ರಾಂತಗಳಲ್ಲಿ ಗೂಡು ಕಾಯುವ ಕಾಲಕ್ಕೆ ಬ್ಯಾಸ್ ಹಿಡಿದೊಯ್ಯುವುದು ನಿಷಿದ್ಧ. ನಮ್ಮ ಕೆರೆದಡದ ಅಜ್ಜ ಅನುಭವದಿಂದ ಬಲ್ಲ ಸತ್ಯವನ್ನೇ ಅವರು ಶಾಸನ ಮಾಡಿಕೊಂಡಿದ್ದಾರೆ.

ನಮ್ಮಲ್ಲಿ ಈ ವಿವೇಕ ಮಸಳಿಸಲು ಕಾರಣವೊಂದುಂಟು. ಕಾಟ್ಲ, ರೋಹು, ಮೃಗಾಲ್ ಎಂಬ ಉತ್ತರದ ಹೆಗ್ಗೆಂಡೆಗಳು ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಅವುಗಳಿಗೆ ನದಿಯ ನೆರೆನೀರು ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆಯನ್ನು ಕೃತಕವಾಗಿ ಮರಿಗೈಸಿದ ಮೇಲೆ, ಮೀನುಮರಿಯನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ತಂದು ಕೆರೆಗೆ ಬಿತ್ತುವುದು ದೇಶದಾದ್ಯಂತ ಪದ್ಧತಿಯಾಯಿತು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೀನೆಂಬುದು ಚೀಲದಲ್ಲಿ ಬರುವ ವಸ್ತುವೆಂಬ ಭಾವನೆ ಬೇರೂರಿ, ತಾನಾಗಿ ಹುಟ್ಟುವ ಕೊರಮೀನು, ಗೆಂಡೆಗಳ ಹುಟ್ಟುನೆಲವನ್ನು ನೋಡಿಕೊಳ್ಳುವುದು ಯಾರ ಹೊಣೆಯೂ ಅಲ್ಲವೆಂಬಂತಾಯಿತು. 1952ರಲ್ಲಿ ಭಾರತಕ್ಕೆ ಬಂದು, ಜಿಲೇಬಿಯೆಂಬ ಹೆಸರಿನಿಂದ ನಮ್ಮ ಸಂತೆಗಳನ್ನು ತುಂಬಿರುವ ತಿಲಾಪಿಯ, ವರ್ಷಕ್ಕೆ ಹಲವು ಬಾರಿ ಮರಿ ಮಾಡಿ ಆ ಅಂಚಿನ ನೀರನ್ನೂ ಆಕ್ರಮಿಸಿದೆ.

ಇನ್ನು ಕಾವಲಿನ ಮಾತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲೆನಿಸಿದ ಇಲಾಖೆ ತನ್ನ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳ ಸಾಲಿಗೆ ಸೇರಿದ್ದು ಉಳ್ಳಾರ್ತಿಯ ಈ ಕಾವಲು. ಹಿಂದಿನವರು ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ನೀರು ಎಲ್ಲಿ ಎಷ್ಟು ಕಾಲ ನಿಲ್ಲುವುದೆಂಬುದನ್ನು ನೋಡಿ ದನಗಳನ್ನು ನಡೆಸುತ್ತಿದ್ದರು. ದನಕ್ಕಾಗಿ ಉಳಿಸಿದ ಆ ಹುಲ್ಲು ಮೀನಿಗೂ ಉಪಕಾರಿಯಾಯಿತು. ಉಳದ ನೆಲದಲ್ಲಿ ಮಳೆಯ ನೀರು ನಿಧಾನವಾಗಿ ಇಳಿದು ಮಣ್ಣನ್ನು ಕೊಚ್ಚದೆ ಹಳ್ಳವನ್ನು ಸೇರುತ್ತದೆ. ಹಳ್ಳ ಒಂದು ದಿನ ಉಕ್ಕಿ ಮಾರನೆಯ ದಿನ ಒಣಗದೆ, ಮರಿ ಬಲಿಯುವಷ್ಟು ವಾರ ಒಸರುತ್ತಿರುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಇಲ್ಲಿನ ಜನ ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಕೆರೆಗೆ ನೀರು ತರುವ ಹುಲ್ಲುಗಾವಲೂ ಆ ಭಕ್ತಿಗೆ ಪಾತ್ರವಾಗಬೇಕೆಂದು ನನ್ನ ಅಭಿಪ್ರಾಯ.

2010ರ ಆಸುಪಾಸಿನಲ್ಲಿ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆಯಷ್ಟು ನೆಲ ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮೊದಲಾದುವುಗಳಿಗೆ ದತ್ತವಾಯಿತು. ಗೋಡೆಗಳೆದ್ದುವು. ಗ್ರಾಮಸ್ಥರೂ ಪರಿಸರಾಸಕ್ತರೂ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಮೊರೆಹೋದರು. ಆ ವಾದವಿವಾದಗಳಲ್ಲಿ ಕುರಿಗಾರರ ಅನ್ನದ ಮಾತು ಬಂತು, ಕೃಷ್ಣಮೃಗದ ಮಾತು ಬಂತು, ಎರ್ಲಡ್ಡು ಹಕ್ಕಿಯ ಮಾತು ಬಂತು. ಎಲ್ಲವೂ ಬರಬೇಕಾದ ಮಾತುಗಳೇ. ಹಳ್ಳದ ಮೀನಿನ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಗೋಡೆಯಾಗಲಿ ರಸ್ತೆಯಾಗಲಿ ಹಳ್ಳವನ್ನು ದಾಟುವಲ್ಲಿ ಇಡುವ ಮೋರಿಯ ಬಾಯಿ ಹಳ್ಳದ ತಳಕ್ಕಿಂತ ಒಂದು ಗೇಣು ಎತ್ತರದಲ್ಲಿ ನಿಂತರೆ, ನೀರು ಕೆಳಕ್ಕೆ ಧುಮುಕುತ್ತದೆ, ಮೀನು ಮೇಲಕ್ಕೆ ಹತ್ತಲಾರದು. ಆ ಮೋರಿಯನ್ನೇ ತಳಕ್ಕೆ ಸಮನಾಗಿ ಕೂರಿಸಿದರೆ ಹೆಚ್ಚಿನ ಖರ್ಚಿಲ್ಲದೆ ಒಂದು ಹಳ್ಳದ ಸಂತತಿ ಉಳಿಯುತ್ತದೆ. ಚೆಕ್‌ಡ್ಯಾಮುಗಳ ವಿಷಯದಲ್ಲಿಯೂ ಹೀಗೆಯೇ. ಅಂತರ್ಜಲಕ್ಕೆ ಅವು ಬೇಕು, ಆದರೆ ಒಂದು ಪಕ್ಕದಲ್ಲಿ ಕಲ್ಲು ಜೋಡಿಸಿ ಇಳಿಜಾರು ಬಿಟ್ಟರೆ ಮೀನಿಗೂ ದಾರಿಯಾಗುತ್ತದೆ.

ಈ ಸೀಮೆಯ ಹೊಳೆಯಾದ ವೇದಾವತಿಯ ಪಾಡು ಬೇರೆ. 1907ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಪೂರ್ಣವಾದಂದಿನಿಂದ ಹಿರಿಯೂರಿನ ಕೆಳಗಿನ ಹೊಳೆ ಬಹುವರ್ಷ ಮರಳಾಗಿಯೇ ಉಳಿಯಿತು. ಆ ಮರಳೂ ಲಾರಿಗಳಲ್ಲಿ ಹೋಯಿತು. 1933ರ ಬಳಿಕ 2022ರಲ್ಲಿ ಜಲಾಶಯ ಕೋಡಿಬಿದ್ದಾಗ ಚಳ್ಳಕೆರೆ ತಾಲ್ಲೂಕಿನುದ್ದಕ್ಕೂ ಹೊಳೆ ತುಂಬಿ ಹರಿಯಿತು. ಹೊಳೆ ಮರಳಿ ಬಂದಾಗ ಅದಕ್ಕೆ ಮರಿಗಳನ್ನು ಕೊಡಬಲ್ಲವು ಇಂಥ ಹಳ್ಳ ಕೆರೆಗಳೇ. ಆ ಹಳ್ಳಗಳ ಪಾತ್ರದಲ್ಲಿ ಬಳ್ಳಾರಿ ಜಾಲಿ ಹೆಣೆದುಕೊಂಡು ಹುಲ್ಲು ನಾಶವಾಗಿದ್ದರೆ, ಮಡುಗಳಿಗೆ ತೋಟೆ ಎಸೆದು, ಬ್ಲೀಚಿಂಗ್ ಪೌಡರ್ ಸುರಿದು ಹಿಡಿದಿದ್ದರೆ, ಕೊಡಲು ಏನುಳಿದೀತು? ತೋಟೆ, ವಿಷಗಳನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವೇ ಅಪರಾಧವೆಂದು ಸಾರಿದೆ.

ಕಾನೂನಿಗಿಂತಲೂ ಹಳೆಯ ಮಾತೊಂದು ಈ ಸೀಮೆಯಲ್ಲಿಯೇ ಇದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳು, ತಂದೆತಾಯಿಗಳಿಗೆ ವಿಧೇಯರಾಗಿರುವುದನ್ನೂ ಸತ್ಯವನ್ನೂ ಹೇಳುವಾಗಲೇ ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕೆಂದು ವಿಧಿಸುತ್ತವೆ. ಉತ್ತರದಲ್ಲಿರುವ ಅವನ ಐದನೆಯ ಸ್ತಂಭಶಾಸನವಾದರೋ, ಚಾತುರ್ಮಾಸ್ಯದ ಹುಣ್ಣಿಮೆಗಳ ಆಸುಪಾಸಿನಲ್ಲಿಯೂ ಉಪೋಸಥವೆಂಬ ವ್ರತದ ದಿನಗಳಲ್ಲಿಯೂ ಮೀನನ್ನು ಕೊಲ್ಲಬಾರದು, ಮಾರಲೂಬಾರದು ಎಂದು ಸ್ಪಷ್ಟವಾಗಿ ಆಜ್ಞಾಪಿಸುತ್ತದೆ. ವರ್ಷವೆಲ್ಲ ಮೀನನ್ನು ಬಿಡಿರೆಂದು ಚಕ್ರವರ್ತಿಯೂ ಹೇಳಲಿಲ್ಲ. ಕೆಲವು ದಿನ ಬಿಡಿರೆಂದನು.

ನಾನು ಕೇಳುವುದೂ ಅಷ್ಟೇ. ಕೆರೆಗಳನ್ನು ಮೀನಿಗಾಗಿ ಗುತ್ತಿಗೆ ಕೊಡುವ ಪಂಚಾಯತಿಗಳೂ ಇಲಾಖೆಯೂ, ಹಳ್ಳ ಹರಿದು ಬಂದ ದಿನದಿಂದ ಆರು ವಾರ ಹಿನ್ನೀರಿನ ಅಂಚಿನಲ್ಲಿಯೂ ಹಳ್ಳದ ಬಾಯಿಯಲ್ಲಿಯೂ ಬಲೆ ಬೀಳಕೂಡದೆಂಬ ಒಂದು ಷರತ್ತನ್ನು ಕರಾರಿನಲ್ಲಿ ಬರೆಯಿಸಲಿ. ಕಾವಲಿನೊಳಗಿರುವ ಸಂಸ್ಥೆಗಳು ತಮ್ಮ ಗೋಡೆ ಹಳ್ಳವನ್ನು ದಾಟುವ ಕಡೆಗಳನ್ನೊಮ್ಮೆ ಮಳೆಗಾಲದಲ್ಲಿ ನಡೆದು ನೋಡಲಿ. ಗಾಳ ಹಿಡಿಯುವ ಹವ್ಯಾಸವುಳ್ಳ ಓದುಗರಲ್ಲಿ ಬೇರೆಯ ಕೋರಿಕೆಯಿಲ್ಲ: ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡಲ್ಲಿ ದಾರವನ್ನು ಸುತ್ತಿಕೊಂಡು ಮುಂದಕ್ಕೆ ಹೋಗಿರಿ, ಅದೇ ಕೊರಮೀನನ್ನು ಕಾರ್ತಿಕ ಕಳೆದ ಮೇಲೆ ಧಾರಾಳವಾಗಿ ಹಿಡಿಯಬಹುದು.